ಇನ್ನೊಂದು ವರ್ಷ ಕಂಪ್ಯೂಟರ್ ಓದಬೇಕೇ?

 

ನಮ್ಮ ಗೋಡೆ ಪತ್ರಿಕೆಯ ಹೋದ ಸಂಚಿಕೆಯಲ್ಲಿ 'ಇಂದಿನ ಯುಗ ಕಂಪ್ಯೂಟರ್ ಯುಗ' ಎಂಬ ಪ್ರಬಂಧವನ್ನು ನೀವೆಲ್ಲರೂ ಓದಿದ್ದೀರಿ. ಅಕ್ಷರವೂ ದುಂಡಾಗಿತ್ತು, ವಿಷಯವೂ ಚೆನ್ನಾಗಿತ್ತು. ಆದರೆ ಅದರ ಕೊನೆಯಲ್ಲಿ 'ಕಂಪ್ಯೂಟರನ್ನು ಎಷ್ಟು ವರ್ಷ ಹೆಚ್ಚು ಓದುತ್ತೇವೋ ಅಷ್ಟು ಒಳ್ಳೆಯ ಕೆಲಸ ಸಿಗುತ್ತದೆ' ಎಂಬ ಮಾತು ಇತ್ತು. ಆ ಒಂದು ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಯಾಕೆಂದರೆ ಇದೇ ಮಾತಿನ ಮೇಲೆ ನಮ್ಮ ಮನೆಯಲ್ಲಿ ಒಂದು ತಿಂಗಳು ಜಗಳವೇ ನಡೆದಿದೆ. ಆ ಜಗಳದಲ್ಲಿ ನನ್ನ ಟಗರು ಹೋಯಿತು. ಅದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ಮೊದಲು ವಿಷಯ ಏನು ಅಂತ ಹೇಳುತ್ತೇನೆ. ನಮ್ಮ ಅಕ್ಕ 2021ರಲ್ಲಿ ಬಿ.ಸಿ.ಎ. ಸೇರಿದಳು. ಬಿ.ಸಿ.ಎ. ಅಂದರೆ ಕಂಪ್ಯೂಟರ್ ವಿಷಯದ ಪದವಿ. ಅದು ಮೊದಲಿನಿಂದಲೂ ಮೂರು ವರ್ಷದ ಓದು. ಆದರೆ ಕೇಂದ್ರ ಸರ್ಕಾರ 2020ರಲ್ಲಿ ಹೊಸ ರಾಷ್ಟ್ರೀಯ ಶಿಕ್ಷಣ ನೀತಿ ತಂದಿತು. ನಮ್ಮ ರಾಜ್ಯದ ಕಾಲೇಜುಗಳಲ್ಲಿ ಅದು 2021-22ನೇ ಸಾಲಿನಿಂದ ಜಾರಿಗೆ ಬಂತು. ಅದರ ಪ್ರಕಾರ ಮೂರು ವರ್ಷ ಓದಿ ನಿಲ್ಲಿಸಿದರೆ ಪದವಿ, ನಾಲ್ಕನೇ ವರ್ಷವನ್ನೂ ಓದಿದರೆ ಆನರ್ಸ್ ಪದವಿ. ನಾಲ್ಕನೆಯದು ಕಡ್ಡಾಯವಲ್ಲ, ಇಷ್ಟ ಇದ್ದವರು ಓದಬಹುದು.

ಆಮೇಲೆ ಸರ್ಕಾರ ಬದಲಾಯಿತು. ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಆಯೋಗದ ಮಧ್ಯಂತರ ವರದಿ ಬಂದ ಮೇಲೆ, 2024ರ ಮೇ ತಿಂಗಳಲ್ಲಿ ಮತ್ತೆ ಮೂರು ವರ್ಷದ ಪದವಿಯೇ ಇರಲಿ ಎಂದು ಆದೇಶವಾಯಿತು. ಅಕ್ಕನದು 2021ರಲ್ಲಿ ಸೇರಿದ ಮೊದಲ ತಂಡ. ಅವಳು ಮೂರನೇ ವರ್ಷ ಮುಗಿಸುವ ಹೊತ್ತಿಗೆ ಸರಿಯಾಗಿ ಈ ಆದೇಶ ಬಂತು. ಆದರೂ ಅವರ ತಂಡದವರಿಗೆ ನಾಲ್ಕನೇ ವರ್ಷ ಓದುವ ಅವಕಾಶ ಇತ್ತು. ಓದಬೇಕೋ, ಬಿಡಬೇಕೋ? ಇದೇ ನಮ್ಮ ಮನೆಯ ಜಗಳ.

ಅಕ್ಕ ಓದುತ್ತೇನೆ ಅಂದಳು. ಅವ್ವ ಏನೂ ಹೇಳಲಿಲ್ಲ. ಅಪ್ಪ, "ಸರ್ಕಾರವೇ ಬೇಡ ಅಂತ ತೆಗೆದು ಹಾಕಿದ ವರ್ಷವನ್ನ ನೀನ್ಯಾಕವ್ವ ಓದ್ತೀಯ?" ಎಂದು ಕೇಳಿದರು. ಅಜ್ಜಿ, "ಓದಿದ್ದು ಸಾಕು, ಗಂಡು ನೋಡಿ" ಅಂದರು. ನಮ್ಮ ದೊಡ್ಡಪ್ಪನ ಮಗನೂ ಅಕ್ಕನ ತರಗತಿಯಲ್ಲೇ ಓದಿದವನು. ಅವನು ಮಾತ್ರ, "ನನಗೆ ಮೂರು ವರ್ಷವೇ ಸಾಕಾಗಿದೆ, ನಾನು ಬೆಂಗಳೂರಿಗೆ ಹೊರಟೆ" ಎಂದು ಬ್ಯಾಗು ಕಟ್ಟಿಕೊಂಡು ಹೊರಟೇಬಿಟ್ಟ.

ನಾನು ಅಪ್ಪನ ಕಡೆ ಸೇರಿಕೊಂಡೆ. ಇಲ್ಲಿ ಒಂದು ಸತ್ಯ ಹೇಳಬೇಕು. ನಾನು ಬೇಡ ಅಂದದ್ದು ಅಕ್ಕನ ಓದಿನ ವಿಚಾರ ತಿಳಿದು ಅಲ್ಲ. ಅಕ್ಕ ಓದುವುದಾದರೆ ಎರಡು ಟಗರು ಮಾರಬೇಕು ಎಂದು ತಾತ ಹೇಳಿದ್ದರು. ಅದರಲ್ಲಿ ಒಂದು ನಾನು ಸಾಕಿದ ಪುಟ್ಟ. ಅದರ ತಾಯಿಗೆ ಹಾಲು ಸಾಲದೆ ಇದ್ದಾಗ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದ್ದೆ. ನಾನು ಶಾಲೆಯಿಂದ ಬರುವಾಗ ಬೇಲಿಯ ಹತ್ತಿರವೇ ಬಂದು ನಿಂತಿರುತ್ತಿತ್ತು. ಆದ್ದರಿಂದ ನನ್ನ ಅಭಿಪ್ರಾಯ ಆಗ ಪುಟ್ಟನ ಅಭಿಪ್ರಾಯವೇ ಆಗಿತ್ತು.

ಕೊನೆಗೆ ತೀರ್ಮಾನ ಮಾಡಿದವರು ತಾತ. ಅವರು ಶಾಲೆಗೆ ಹೋದವರಲ್ಲ. ಆದರೆ ಕುರಿಯ ವಿಷಯದಲ್ಲಿ ಅವರ ಮಾತು ತಪ್ಪುವುದಿಲ್ಲ. ನಮ್ಮ ಊರಿನ ಹೆಸರೇ ಒಂದು ಕುರಿ ತಳಿಗೆ ಇದೆ ಎಂಬುದು ನಿಮಗೆಲ್ಲ ಗೊತ್ತು. ಗಿಡ್ಡ ಕಾಲು, ತುಂಬಿದ ಮೈ, ಹಿಂದಿನಿಂದ ನೋಡಿದರೆ ಎರಡು ತೊಡೆಯ ನಡುವೆ ಕಮಾನು ಕಟ್ಟಿದ ಹಾಗೆ ಕಾಣುವ ಬಂಡೂರು ಕುರಿ ರಾಜ್ಯಕ್ಕೆಲ್ಲ ಹೆಸರುವಾಸಿ. ತಾತ ಅವತ್ತು ಹೇಳಿದ ಮಾತನ್ನು ಅವರ ಬಾಯಿಂದ ಬಂದ ಹಾಗೇ ಬರೆಯುತ್ತೇನೆ.

"ನೋಡ್ಲಾ ಮಗ, ಟಗರಿಗೆ ಎರಡು ಹಲ್ಲು ಬಂದ ಮ್ಯಾಲೆ ಇನ್ನೊಂದು ವರ್ಸ ಕಟ್ಕೊಂಡು ಮೇಯಿಸ್ತೀನಿ ಅಂದ್ರೆ, ಯಾಕೆ ಅಂತ ಗೊತ್ತಿರಬೇಕು. ಕುಯ್ಯೋದಿಕ್ಕೆ ಅಂದ್ರೆ ನಷ್ಟ ಕಣ್ಲಾ, ತಿನ್ನೋ ಮೇವಿನಷ್ಟೂ ಬೆಲೆ ಏರಕ್ಕಿಲ್ಲ. ಬೀಜದ ಟಗರು ಮಾಡಕ್ಕೆ ಅಂದ್ರೆ ಲಾಭ. ವರ್ಸ ಒಂದೇ, ಉದ್ದೇಸ ಬ್ಯಾರೆ. ನಿಮ್ಮಕ್ಕ ಯಾಕೆ ಓದ್ತೀನಿ ಅಂತಾವಳೆ? ಅದನ್ನ ಕೇಳ್ರಿ ಮೊದ್ಲು."

ಅಲ್ಲಿಯವರೆಗೆ ಅಕ್ಕನನ್ನು ಯಾರೂ ಯಾಕೆ ಎಂದು ಕೇಳಿಯೇ ಇರಲಿಲ್ಲ. ಕೇಳಿದ ಮೇಲೆ ಅವಳು ಹೇಳಿದ್ದು ಕೇಳಿ ನಮಗೆಲ್ಲ ಆಶ್ಚರ್ಯವಾಯಿತು.

ಅವಳು ಕಾಲೇಜು ಸೇರಿದ ವರ್ಷ ಕೊರೊನಾ ಇನ್ನೂ ಮುಗಿದಿರಲಿಲ್ಲ. ತರಗತಿಗಳು ತಡವಾಗಿ ಶುರುವಾದವು. ಮನೆಯಲ್ಲಿ ಇದ್ದದ್ದು ಒಂದೇ ಮೊಬೈಲು, ಅದೂ ಅಪ್ಪನ ಜೇಬಿನಲ್ಲಿ ಇರುತ್ತಿತ್ತು. ಆಮೇಲೆ ಕಾಲೇಜಿಗೆ ಹೋದರೆ ಪ್ರಯೋಗಾಲಯದಲ್ಲಿ ಒಂದು ಕಂಪ್ಯೂಟರಿಗೆ ಮೂರು ಜನ, ನಾಲ್ಕು ಜನ. ಯಾರ ಮನೆಯಲ್ಲಿ ಮೊದಲೇ ಕಂಪ್ಯೂಟರ್ ಇತ್ತೋ ಅವರು ಕೀಲಿಮಣೆ ಹಿಡಿಯುತ್ತಿದ್ದರು, ಅಕ್ಕನಂಥವರು ಹಿಂದೆ ನಿಂತು ನೋಡಿ ದಾಖಲೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಪರೀಕ್ಷೆಗೆ ಪ್ರೋಗ್ರಾಮುಗಳನ್ನು ಪದ್ಯದ ಹಾಗೆ ಬಾಯಿಪಾಠ ಮಾಡಿದ್ದಳಂತೆ! ಶೇಕಡ 74 ಅಂಕವೂ ಬಂತು. "ಅಂಕ ಬಂದಿದೆ ಅಪ್ಪ, ಆದರೆ ನನಗೆ ಬರಲ್ಲ. ಸಂದರ್ಶನಕ್ಕೆ ಹೋಗಿ ಅವರ ಮುಂದೆ ಕೂತು ಮಾಡಿ ತೋರಿಸು ಅಂದರೆ ಕೈ ನಡುಗುತ್ತೆ. ಒಂದು ವರ್ಷ ನನ್ನ ಕೈಯಲ್ಲೇ ಮಾಡಿ ಕಲಿಯಬೇಕು" ಅಂದಳು. ಹೇಳುವಾಗ ಅವಳ ಕಣ್ಣಲ್ಲಿ ನೀರು ಬಂತು.

ತಾತ ಮರುವಾರದ ಸಂತೆಗೆ ಟಗರು ಹೊಡೆದುಕೊಂಡು ಹೋದರು. ನಾನು ಅವತ್ತು ಶಾಲೆಗೆ ಬರಲಿಲ್ಲ. ಹೊಟ್ಟೆ ನೋವು ಅಂತ ರಜಾ ಚೀಟಿ ಕೊಟ್ಟಿದ್ದೆ. ಗುರುಗಳೇ, ಅದು ಸುಳ್ಳು, ಕ್ಷಮಿಸಿ.

ಆ ದುಡ್ಡಿನಲ್ಲಿ ಫೀಸು ಕಟ್ಟಿ, ಹದಿನೆಂಟು ಸಾವಿರಕ್ಕೆ ಒಂದು ಹಳೆಯ ಲ್ಯಾಪ್‌ಟಾಪ್ ತಂದರು. ಎಲ್ಲ ಸೇರಿ 38,000 ರೂಪಾಯಿ ಖರ್ಚಾಯಿತು. ಬಸ್ಸಿನ ಖರ್ಚು ಇರಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಗಿತ್ತಲ್ಲ. ನಾಲ್ಕನೇ ವರ್ಷಕ್ಕೆ ಸೇರಿದವರು ಕೆಲವೇ ಮಂದಿ. ಆದ್ದರಿಂದ ಒಬ್ಬರಿಗೆ ಒಂದು ಕಂಪ್ಯೂಟರ್ ಸಿಕ್ಕಿತು. ಪ್ರಾಜೆಕ್ಟಿಗೆ ಅಕ್ಕ ಹಾಲಿನ ಡೈರಿಯ ಲೆಕ್ಕ ಇಡುವ ಒಂದು ಪ್ರೋಗ್ರಾಮ್ ಮಾಡಿದಳು. ಎಷ್ಟು ಲೀಟರ್ ಹಾಲು, ಕೊಬ್ಬಿನ ಅಂಶ ಎಷ್ಟು, ಯಾರಿಗೆ ಎಷ್ಟು ಬಟವಾಡೆ ಎಂದು ಅದು ಲೆಕ್ಕ ಹಾಕುತ್ತಿತ್ತು. ಮೊದಲ ಸಲ ಅದು ನಮ್ಮ ಅವ್ವನ ಹದಿನೈದು ದಿನದ ಹಾಲಿಗೆ ಒಂದು ಲಕ್ಷ ರೂಪಾಯಿ ಬಟವಾಡೆ ತೋರಿಸಿತು. ನಾವೆಲ್ಲ ನಕ್ಕೆವು. ತಪ್ಪು ಎಲ್ಲಿದೆ ಎಂದು ಹುಡುಕಲು ಅಕ್ಕನಿಗೆ ಮೂರು ರಾತ್ರಿ ಬೇಕಾಯಿತು. ಸಂದರ್ಶನದಲ್ಲಿ ಅವಳನ್ನು ಕೇಳಿದ್ದು ಅಂಕಪಟ್ಟಿಯನ್ನಲ್ಲ, ಆ ಮೂರು ರಾತ್ರಿಯ ವಿಚಾರವನ್ನಂತೆ. ಈಗ ಅವಳು ಮೈಸೂರಿನ ಒಂದು ಸಣ್ಣ ಕಂಪನಿಯಲ್ಲಿ ಕೆಲಸದಲ್ಲಿದ್ದಾಳೆ. ತಿಂಗಳಿಗೆ 17,000 ರೂಪಾಯಿ ಸಂಬಳ.

ಇಷ್ಟು ಓದಿದವರು, 'ಹಾಗಾದರೆ ಹೆಚ್ಚು ಓದಿದ್ದು ಒಳ್ಳೆಯದೇ ಆಯಿತಲ್ಲ' ಎನ್ನಬಹುದು. ಸ್ವಲ್ಪ ತಡೆಯಿರಿ, ಅಣ್ಣನ ಲೆಕ್ಕವನ್ನೂ ನೋಡೋಣ.

ಅಣ್ಣನಿಗೆ ಬೆಂಗಳೂರಿನಲ್ಲಿ ಮೊದಲ ವರ್ಷ 13,000 ಸಂಬಳ. ರೂಮು, ಊಟಕ್ಕೆ 8,000 ಹೋಗಿ 5,000 ಉಳಿಯುತ್ತಿತ್ತು. ವರ್ಷಕ್ಕೆ 60,000 ಉಳಿಸಿದ. ಅದೇ ವರ್ಷ ಅಕ್ಕ 38,000 ಖರ್ಚು ಮಾಡಿದಳು. ಅಂದರೆ ಒಂದು ವರ್ಷಕ್ಕೆ ಅಕ್ಕ ಅಣ್ಣನಿಗಿಂತ 98,000 ರೂಪಾಯಿ ಹಿಂದೆ ಬಿದ್ದಳು. ಹೆಚ್ಚಿನ ಓದಿನ ಖರ್ಚು ಅಂದರೆ ಎಲ್ಲರೂ ಫೀಸು ಮಾತ್ರ ಲೆಕ್ಕ ಹಾಕುತ್ತಾರೆ. ಆ ವರ್ಷ ಸಿಗದೆ ಹೋದ ಸಂಬಳವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನೂ ಹಿಡಿದಿರಲಿಲ್ಲ.

ಈಗ ಅಣ್ಣನ ಸಂಬಳ 15,500 ಆಗಿದೆ. ಅಕ್ಕನದು 17,000. ವ್ಯತ್ಯಾಸ 1,500. ಆ 98,000ವನ್ನು 1,500ರಿಂದ ಭಾಗಿಸಿದರೆ 65 ತಿಂಗಳಿಗೂ ಹೆಚ್ಚು, ಅಂದರೆ ಸುಮಾರು ಐದೂವರೆ ವರ್ಷ ಬೇಕು. ನಾನು ಇದನ್ನು ಓದಿ ಹೇಳಿದಾಗ ಅಜ್ಜಿ, "ಬರೋದ್ನ ಅಲ್ಲ ಕಣ್ಲಾ, ಕೈಲಿ ಉಳಿಯೋದ್ನ ಲೆಕ್ಕ ಹಾಕು" ಅಂದರು. ಅಣ್ಣನಿಗೆ ಈಗ 8,500 ಖರ್ಚಾಗಿ 7,000 ಉಳಿಯುತ್ತದೆ. ಅಕ್ಕನಿಗೆ ಮೈಸೂರಿನಲ್ಲಿ ಹಾಸ್ಟೆಲು, ಊಟ ಸೇರಿ 6,500 ಖರ್ಚು, 10,500 ಉಳಿಯುತ್ತದೆ. ವ್ಯತ್ಯಾಸ 3,500. 98,000ವನ್ನು 3,500ರಿಂದ ಭಾಗಿಸಿದರೆ ಸರಿಯಾಗಿ 28 ತಿಂಗಳು! ಐದೂವರೆ ವರ್ಷ ಇದ್ದದ್ದು ಎರಡು ವರ್ಷ ನಾಲ್ಕು ತಿಂಗಳಾಯಿತು. ಹಾಗೆ ನೋಡಿದರೆ ಇದರಲ್ಲಿ ನಾಲ್ಕನೇ ವರ್ಷದ ಓದಿಗಿಂತ ಮೈಸೂರು ಹತ್ತಿರ ಇರುವುದರ ಲಾಭವೇ ಹೆಚ್ಚು. ಅಣ್ಣ ಜಾಣನಾಗಿ ಬೇರೆ ಕೆಲಸಕ್ಕೆ ಹೋದರೆ ಈ ಲೆಕ್ಕವೂ ತಲೆಕೆಳಗಾಗುತ್ತದೆ.

ಮೂರನೆಯ ಒಬ್ಬರ ವಿಷಯವನ್ನೂ ಹೇಳದೆ ಇದ್ದರೆ ಮೋಸವಾಗುತ್ತದೆ. ಅಕ್ಕನ ಗೆಳತಿಯೊಬ್ಬರು ಅವಳ ಜೊತೆಯಲ್ಲೇ ನಾಲ್ಕನೇ ವರ್ಷ ಓದಿದರು. ಅವರು ಸೇರಿದ್ದು ಯಾಕೆ ಎಂದರೆ ಮುಂದೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ, ಅದಕ್ಕೆ. ಪುಸ್ತಕ ಅದೇ, ಉಪನ್ಯಾಸಕರು ಅವರೇ, ಕಂಪ್ಯೂಟರೂ ಅದೇ. ಅವರಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ಅವರು ದಡ್ಡರಲ್ಲ, ಅಂಕ ಅಕ್ಕನಿಗಿಂತ ಜಾಸ್ತಿಯೇ ಬಂದಿದೆ. ಹಾಗಾಗಿ ಆನರ್ಸ್ ಎಂಬ ಹೆಸರು ತಾನಾಗಿ ಕೆಲಸ ತಂದುಕೊಡುವುದಿಲ್ಲ.

ಈಗ ನಮ್ಮ ಮನೆ ಬಿಟ್ಟು ಹೊರಗಿನ ವಿಚಾರ ನೋಡೋಣ. ಇವನ್ನು ನಾನು ಪತ್ರಿಕೆ ಓದಿ, ಅಕ್ಕನನ್ನೂ ಗುರುಗಳನ್ನೂ ಕೇಳಿ ತಿಳಿದುಕೊಂಡೆ.

ಸ್ನಾತಕೋತ್ತರ ಪದವಿ ಮಾಡಬೇಕು ಎನ್ನುವವರಿಗೆ ನಾಲ್ಕನೇ ವರ್ಷ ಹೆಚ್ಚಿನ ವರ್ಷವೇ ಅಲ್ಲ. ಮೂರು ವರ್ಷ ಓದಿದವರು ಮುಂದೆ ಎರಡು ವರ್ಷ ಓದಬೇಕು. ನಾಲ್ಕು ವರ್ಷದ ಆನರ್ಸ್ ಓದಿದವರಿಗೆ ಯುಜಿಸಿ ನಿಯಮದಲ್ಲಿ ಒಂದೇ ವರ್ಷದ ಸ್ನಾತಕೋತ್ತರ ಪದವಿಗೆ ಅವಕಾಶವಿದೆ. ಮೂರು ಕೂಡಿಸು ಎರಡು ಐದು. ನಾಲ್ಕು ಕೂಡಿಸು ಒಂದು ಐದು. ಆದರೆ ಒಂದು ವರ್ಷದ್ದನ್ನು ಯಾವ ವಿಶ್ವವಿದ್ಯಾನಿಲಯ ನಡೆಸುತ್ತಿದೆ ಎಂದು ಮೊದಲೇ ಕೇಳಿಕೊಂಡು ಸೇರಬೇಕು. ಇಲ್ಲದಿದ್ದರೆ ಲೆಕ್ಕ ಆರಾಗಿಬಿಡುತ್ತದೆ. ಎಸ್.ಎಸ್.ಎಲ್.ಸಿ. ಆದ ಮೇಲೆಯೂ ಇಂಥದೇ ಲೆಕ್ಕ ಬರುತ್ತದೆ. ಪಿಯುಸಿ ಎರಡು ವರ್ಷ, ಎಂಜಿನಿಯರಿಂಗ್ ನಾಲ್ಕು ವರ್ಷ, ಒಟ್ಟು ಆರು. ಡಿಪ್ಲೊಮಾ ಮೂರು ವರ್ಷ ಓದಿ ನೇರ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಿದರೂ ಒಟ್ಟು ಆರು. ಯಾವುದು ಹೆಚ್ಚಿನ ವರ್ಷ, ಯಾವುದು ಅಲ್ಲ ಎನ್ನುವುದು ದಾರಿಯ ಕೊನೆ ನೋಡಿದರೇ ತಿಳಿಯುವುದು. ಎಂ.ಸಿ.ಎ. ಮೊದಲು ಮೂರು ವರ್ಷ ಇತ್ತು, 2020-21ರಿಂದ ಎರಡೇ ವರ್ಷ ಮಾಡಿದರು. ಒಂದು ವರ್ಷ ಕಡಿಮೆಯಾದರೂ ಪದವಿಯ ಹೆಸರು ಅದೇ ಉಳಿಯಿತು.

ಸರ್ಕಾರಿ ಕೆಲಸಕ್ಕೆ ಹೋಗುವವರಿಗೆ ಈ ವರ್ಷದಿಂದ ಹೆಚ್ಚು ಪ್ರಯೋಜನ ಕಾಣುವುದಿಲ್ಲ. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಯ 1000 ಹುದ್ದೆಗಳಿಗೆ ಅರ್ಜಿ ಕರೆದಾಗ ಕೇಳಿದ ವಿದ್ಯಾರ್ಹತೆ ಪಿಯುಸಿ. ಪಿ.ಡಿ.ಒ. ಆಗಲು ಯಾವುದಾದರೂ ಪದವಿ ಸಾಕು. ಅಲ್ಲಿ ಮೂರು ವರ್ಷದ ಪದವಿಯೂ ಒಂದೇ, ನಾಲ್ಕು ವರ್ಷದ್ದೂ ಒಂದೇ. ಪರೀಕ್ಷೆಯೇ ಮುಖ್ಯ. ಇನ್ನೂ ಒಂದು ವಿಷಯ: ಕೆಲಸ ಸಿಗದ ಪದವೀಧರರಿಗೆ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ ಎಂದು ಸರ್ಕಾರ ಮಾಡಿತು. ಆದರೆ ಮುಂದಿನ ಓದಿಗೆ ಸೇರಿದವರಿಗೆ ಅದು ಇಲ್ಲ. ಇದನ್ನೂ ಖರ್ಚಿನ ಕಡೆಯೇ ಬರೆದುಕೊಳ್ಳಬೇಕು.

ಇನ್ನು ಕಂಪನಿಗಳು. ಮೈಸೂರಿನ ಹೆಬ್ಬಾಳದಲ್ಲಿ ಇನ್ಫೋಸಿಸ್‌ನ ದೊಡ್ಡ ತರಬೇತಿ ಕೇಂದ್ರವಿದೆ. ಎಂಜಿನಿಯರಿಂಗ್ ನಾಲ್ಕು ವರ್ಷ ಓದಿ ಬಂದವರಿಗೂ ಅಲ್ಲಿ ಮತ್ತೆ ಕೆಲವು ತಿಂಗಳು ಪಾಠ ಮಾಡುತ್ತಾರೆ, ಪರೀಕ್ಷೆ ಮಾಡುತ್ತಾರೆ. 2025ರ ಫೆಬ್ರವರಿಯಲ್ಲಿ ಅಲ್ಲಿ ತರಬೇತಿಯಲ್ಲಿದ್ದ 300ಕ್ಕೂ ಹೆಚ್ಚು ಮಂದಿ, ಮೂರು ಅವಕಾಶದಲ್ಲೂ ಆ ಪರೀಕ್ಷೆ ಪಾಸಾಗಲಿಲ್ಲವೆಂದು ಕೆಲಸ ಕಳೆದುಕೊಂಡ ಸುದ್ದಿ ಎಲ್ಲ ಪತ್ರಿಕೆಯಲ್ಲೂ ಬಂದಿತ್ತು. ಪಾಪ, ಅವರೂ ಎಷ್ಟೋ ವರ್ಷ ಓದಿದವರೇ. ವಿಪ್ರೊ ಕಂಪನಿಯವರು ಬಿ.ಸಿ.ಎ., ಬಿ.ಎಸ್ಸಿ. ಆದವರನ್ನೇ ತೆಗೆದುಕೊಂಡು, ಕೆಲಸ ಮಾಡುತ್ತಲೇ ಎಂ.ಟೆಕ್. ಓದಿಸುವ ಒಂದು ಯೋಜನೆ ಇಟ್ಟಿದ್ದಾರೆ. ಅಂಥದ್ದು ಸಿಕ್ಕರೆ ದುಡ್ಡು ಕೊಟ್ಟು ಓದುವ ಬದಲು ದುಡ್ಡು ತೆಗೆದುಕೊಂಡು ಓದಬಹುದು. ಅದೂ ಅಲ್ಲದೆ ಸಣ್ಣಪುಟ್ಟ ಪ್ರೋಗ್ರಾಮುಗಳನ್ನು ಈಗ ಎಐ ಎಂಬ ಕೃತಕ ಬುದ್ಧಿಮತ್ತೆಯೇ ಬರೆದುಕೊಡುತ್ತದೆ. ಬಾಯಿಪಾಠ ಮಾಡಿದ್ದನ್ನು ಅದು ನಮಗಿಂತ ಬೇಗ ಒಪ್ಪಿಸುತ್ತದೆ. ಅದು ಅವ್ವನ ಹಾಲಿಗೆ ಒಂದು ಲಕ್ಷ ತೋರಿಸಿದರೆ ತಪ್ಪು ಎಂದು ಹಿಡಿಯುವವರು ಬೇಕು.

ಹೆಣ್ಣುಮಕ್ಕಳ ವಿಷಯವಾಗಿ ಒಂದು ಮಾತು ಹೇಳಬೇಕು. ಅಕ್ಕ ಆಮೇಲೆ ನನ್ನೊಬ್ಬನ ಹತ್ತಿರ ಹೇಳಿದಳು: "ಓದು ನಿಂತಿದ್ದರೆ ಆ ಆಷಾಢ ಕಳೆದ ಕೂಡಲೇ ನನ್ನ ಮದುವೆ ಮಾಡಿಬಿಡ್ತಿದ್ದರು ಕಣೋ." ಅಣ್ಣನಿಗೆ ಈ ಹೆದರಿಕೆ ಇರಲಿಲ್ಲ. ಅವನು ಕೆಲಸ ಹುಡುಕುತ್ತೇನೆ ಅಂದರೆ ಎಲ್ಲರೂ ಸರಿ ಅಂದರು. ಅಕ್ಕ ಕೆಲಸ ಹುಡುಕುತ್ತೇನೆ ಅಂದಿದ್ದರೆ 'ಎಲ್ಲಿ ಇರ್ತೀಯ, ಯಾರ ಜೊತೆ ಹೋಗ್ತೀಯ' ಎಂದು ಹತ್ತು ಪ್ರಶ್ನೆ ಬರುತ್ತಿದ್ದವು. ಹಾಗಾಗಿ ಅವಳಿಗೆ ಆ ವರ್ಷ ಉಸಿರಾಡುವ ಸಮಯವೂ ಆಯಿತು. ಅದನ್ನು ಅವಳು ಈಗ ಅಜ್ಜಿಗೂ ಹೇಳಿದ್ದಾಳೆ. ಬರೆಯಲು ನನಗೂ ಒಪ್ಪಿಗೆ ಕೊಟ್ಟಿದ್ದಾಳೆ. ಮದುವೆ ಮುಂದೂಡುವುದಕ್ಕೆ ಒಂದು ಕೋರ್ಸು ಸೇರಬೇಕಾಗಿ ಬರುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಅಕ್ಕಂದಿರಿಗೂ ಅಣ್ಣಂದಿರ ಹಾಗೆ ಕೆಲಸ ಹುಡುಕಲು ಒಂದು ವರ್ಷ ಬಿಡಬೇಕು.

ಆದ್ದರಿಂದ ನನ್ನ ತೀರ್ಮಾನ ಇಷ್ಟು. ಇನ್ನೊಂದು ವರ್ಷ ಓದಿದರೆ ಕೆಲಸ ಸಿಗುತ್ತದೆ ಎಂಬುದೂ ಸುಳ್ಳು, ಓದಿದ್ದೆಲ್ಲ ದಂಡ ಎಂಬುದೂ ಸುಳ್ಳು. ಸೇರುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಒಂದು, ಈ ವರ್ಷ ಮುಗಿದ ಮೇಲೆ ಈಗ ಬಾರದ ಯಾವ ಕೆಲಸ ನನ್ನ ಕೈಗೆ ಬಂದಿರುತ್ತದೆ? ಎರಡು, ಇದೇ ಕೆಲಸವನ್ನು ಸಂಬಳ ತೆಗೆದುಕೊಂಡು ಕಲಿಯುವ ಜಾಗ ಬೇರೆ ಇದೆಯೇ? ಮೂರು, ಇದಕ್ಕಾಗಿ ಮನೆಯಲ್ಲಿ ಯಾರು ಏನನ್ನು ಬಿಟ್ಟುಕೊಡುತ್ತಿದ್ದಾರೆ? ಮೊದಲ ಪ್ರಶ್ನೆಗೆ ಅಕ್ಕನ ಹತ್ತಿರ ಉತ್ತರ ಇತ್ತು. ಅದಕ್ಕೇ ಅವಳ ವರ್ಷ ಉಪಯೋಗಕ್ಕೆ ಬಂತು.

ಕೊನೆಯದಾಗಿ ಗುರುಗಳಲ್ಲಿ ಒಂದು ವಿನಂತಿ. ಅಕ್ಕನಿಗೆ ನಾಲ್ಕನೇ ವರ್ಷ ಬೇಕಾದದ್ದು, ಅವಳು ಮೊದಲ ಬಾರಿಗೆ ಒಬ್ಬಳೇ ಕಂಪ್ಯೂಟರ್ ಮುಂದೆ ಕೂತದ್ದೇ ಇಪ್ಪತ್ತೊಂದನೇ ವಯಸ್ಸಿಗೆ ಆದ್ದರಿಂದ. ನಮಗೆ ಈಗ ಹದಿಮೂರು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ಗಂಟೆ, ನಮ್ಮ ಶಾಲೆಯ ಕಂಪ್ಯೂಟರ್ ಮುಂದೆ ಸರದಿಯಲ್ಲಿ ಒಬ್ಬೊಬ್ಬರೇ ಕೂರಲು ಅಪ್ಪಣೆ ಕೊಡಿ. ಒಬ್ಬರಿಗೆ ಹತ್ತು ನಿಮಿಷ ಸಿಕ್ಕರೂ ಸಾಕು. ಹಿಂದೆ ನಿಂತು ನೋಡುವುದು ಬೇಡ. ಅಕ್ಕ ವಾರಕ್ಕೊಮ್ಮೆ ಊರಿಗೆ ಬರುತ್ತಾಳೆ, ಹೇಳಿಕೊಡುತ್ತೇನೆ ಎಂದಿದ್ದಾಳೆ. ಹುಡುಗಿಯರ ಸರದಿ ಮೊದಲು ಇರಲಿ ಎಂದೂ ಹೇಳಿದ್ದಾಳೆ. ಹೀಗೆ ಮಾಡಿದರೆ ನಮ್ಮಲ್ಲಿ ಕೆಲವರಿಗಾದರೂ ಮುಂದೆ ಆ ಹೆಚ್ಚಿನ ವರ್ಷವೇ ಬೇಡವಾಗಬಹುದು, ಎರಡು ಟಗರೂ ಉಳಿಯಬಹುದು.

ಅಕ್ಕ ಮೊದಲನೇ ಸಂಬಳದಲ್ಲಿ ನನಗೆ ಒಂದು ಕುರಿಮರಿ ಕೊಡಿಸಿದಳು. ಚೆನ್ನಾಗಿದೆ, ಮೇಯುತ್ತದೆ, ಆದರೆ ಬೇಲಿಯ ಹತ್ತಿರ ಬಂದು ನಿಲ್ಲುವುದಿಲ್ಲ. ಅದಕ್ಕೆ ಇನ್ನೂ ಹೆಸರಿಟ್ಟಿಲ್ಲ. ನಿಮಗೆ ಒಳ್ಳೆಯ ಹೆಸರು ಹೊಳೆದರೆ, ನನ್ನ ಅಭಿಪ್ರಾಯ ತಪ್ಪು ಎನಿಸಿದರೆ ಅದನ್ನೂ, ಒಂದು ಚೀಟಿಯಲ್ಲಿ ಬರೆದು ಈ ಗೋಡೆ ಪತ್ರಿಕೆಯ ಕೆಳಗೆ ಸಿಕ್ಕಿಸಿ. ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯುತ್ತೇನೆ.

ಇಂತಿ ನಿಮ್ಮ ಗೆಳೆಯ,
7ನೇ ತರಗತಿ, ಬಂಡೂರು